ಬೆಕ್ಕು ಕಂಡ ಗುಟ್ಟು

ಕೊಲೆಯ ಕತೆ ಕೇಳಿ ಹಾಯಾಗಿ ನಿದ್ದೆ ಹೋಗುವವರೂ ಇದ್ದಾರೆಂದರೆ ವಾಚಕರು ನಂಬುವರೆ? ನಮ್ಮ ಮನೆಯಲ್ಲೇ ಒಬ್ಬರಿದ್ದಾರೆ. ನಮ್ಮ ಅತ್ತೆಯವರು ಹುಮನಾಬಾದಿನ ಕಡೆಯವರು, ವಯಸ್ಸು ಎಪ್ಪತ್ತೈದು. ರಾತ್ರಿ ಊಟವಾಗಿ ಎಲೆಯಡಿಕೆ ಮುಗಿಯಿತೆಂದರೆ ಅವರಿಗೊಂದು ಪತ್ತೇದಾರಿ ಕತೆ ಬೇಕು. ಹೆಣ ಬಿದ್ದು ಎರಡು ಅಧ್ಯಾಯ ಕಳೆಯುವುದರೊಳಗೆ ಸೊಗಸಾದ ನಿದ್ದೆ!

ಈಚೆಗೆ ಕಣ್ಣು ಮಂದವಾದುದರಿಂದ ಓದುವ ಕೆಲಸ ನನ್ನ ಮಗಳಿಗೆ ಬಂದಿದೆ. ಅವಳು ಓದುವುದು ಇಂಗ್ಲಿಷಿನಲ್ಲಿ, ಅಜ್ಜಿಗೆ ಹೇಳುವುದು ಕನ್ನಡದಲ್ಲಿ. ಅವಳು ಆರಿಸಿಕೊಂಡಿರುವುದೂ ವಿಚಿತ್ರವಾದ ಒಂದು ಜಾತಿಯ ಕತೆಗಳನ್ನು. ಅವುಗಳಲ್ಲಿ ಗುಟ್ಟು ರಟ್ಟಾಗುವುದು ಬೆಕ್ಕಿನಿಂದ! ಬೆಕ್ಕು ಅಡ್ಡ ಬಂದರೆ ಮರಳಿ ಮನೆಗೆ ಬಂದು ಎರಡು ನಿಮಿಷ ಕೂತು ಹೋಗುವ ನಮ್ಮ ಅತ್ತೆಯವರು ಆ ಕತೆಗಳಿಗೆ ಹೀಗೆ ಮನಸೋತುದು ಹೇಗೆ? ಯೋಚಿಸಬೇಕಾದ ಮಾತೇ ಸರಿ.

ಪುಟ್ಟ ಊರು, ದೊಡ್ಡ ಗುಟ್ಟು

ಇಂಥ ಕತೆಗಳಿಗೆ ಕೆಲವು ಕಟ್ಟುಪಾಡುಗಳಿವೆ. ಊರು ಚಿಕ್ಕದಿರಬೇಕು, ಎಲ್ಲರಿಗೂ ಎಲ್ಲರ ಪರಿಚಯವಿರಬೇಕು. ಕೊಲೆ ನಡೆಯಬೇಕು, ಆದರೆ ರಕ್ತ ನಮ್ಮ ಕಣ್ಣಿಗೆ ಬೀಳಬಾರದು. ಪತ್ತೆಮಾಡುವವರು ಪೋಲೀಸರಲ್ಲ, ಪುಸ್ತಕಭಂಡಾರದಾಕೆಯೋ ರೊಟ್ಟಿಯಂಗಡಿಯವಳೋ ಆಗಿರಬೇಕು. ಕೊನೆಗೆ ತಪ್ಪಿತಸ್ಥ ಸಿಕ್ಕಿ, ಊರು ಮತ್ತೆ ನೆಮ್ಮದಿಯಿಂದ ಚಹಾ ಕುಡಿಯುವಂತಾಗಬೇಕು. ಅಗಾಥಾ ಕ್ರಿಸ್ಟಿಯವರ ಮಿಸ್ ಮಾರ್ಪಲ್ ಎಂಬ ಮುದುಕಿಯೇ ಈ ದಾರಿಗೆ ಹಿರಿಯಳು. 1930ರಲ್ಲಿ ಬಂದ ಮೊದಲ ಕಾದಂಬರಿಯಿಂದಲೂ ಆಕೆ ಹೆಣಿಗೆ ಹೆಣೆಯುತ್ತ, ತೋಟಕ್ಕೆ ನೀರು ಹಾಕುತ್ತ, ನೆರೆಹೊರೆಯವರನ್ನು ನೋಡುತ್ತಲೇ ಕೊಲೆಗಾರರನ್ನು ಹಿಡಿದಳು.

ಇಂಥ ಊರಿಗೆ ಬೆಕ್ಕನ್ನು ಕರೆತಂದು ಹೆಸರಾದವರು ಅಮೆರಿಕದ ಲಿಲಿಯನ್ ಜ್ಯಾಕ್ಸನ್ ಬ್ರೌನ್. ಡೆಟ್ರಾಯಿಟಿನ ಒಂದು ದಿನಪತ್ರಿಕೆಯಲ್ಲಿ ಬಹುಕಾಲ ಕೆಲಸ ಮಾಡಿದ ಈ ಮಹಿಳೆ ಕೋಕೋ ಎಂಬ ಸಯಾಮಿ ಬೆಕ್ಕನ್ನು ಸಾಕಿದ್ದರು. ಅದು ಎತ್ತರದ ಮಹಡಿಯ ಕಿಟಕಿಯಿಂದ ಬಿದ್ದು ಸತ್ತಿತು. ಆ ದುಃಖದಲ್ಲಿ ಅವರು ಬರೆದ ಸಣ್ಣಕತೆ 1962ರಲ್ಲಿ ಅಚ್ಚಾಯಿತು. 1966ರಲ್ಲಿ ಮೊದಲ ಕಾದಂಬರಿ. ಹಿಂದುಮುಂದಾಗಿ ಓದಬಲ್ಲ ಬೆಕ್ಕು ಎಂಬುದು ಅದರ ಹೆಸರಿನ ಅರ್ಥ. ಎರಡು ವರ್ಷಗಳಲ್ಲಿ ಇನ್ನೆರಡು ಬಂದುವು. ಅನಂತರ ಹದಿನೆಂಟು ವರ್ಷಗಳ ಮೌನ! 1986ರಲ್ಲಿ ಮತ್ತೆ ಹೊರಟ ಮಾಲೆ 29 ಕಾದಂಬರಿಗಳವರೆಗೆ ಬೆಳೆಯಿತು. 2011ರಲ್ಲಿ ತಮ್ಮ 97ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಮಾಲೆಯ ನಾಯಕ ಕ್ವಿಲರನ್ ಪತ್ರಿಕೆಯ ವರದಿಗಾರ. ಮುಂದೆ ಅವನು ಪಟ್ಟಣ ಬಿಟ್ಟು, ಮೂರು ಸಾವಿರ ಜನರಿರುವ ಪಿಕ್ಯಾಕ್ಸ್ ಎಂಬ ಕಲ್ಪಿತ ಊರಿಗೆ ಹೋಗಿ ನೆಲೆಸುತ್ತಾನೆ. ಕೋಕೋ ಮಾತನಾಡುವ ಬೆಕ್ಕಲ್ಲ. ಅದು ಕಪಾಟಿನಿಂದ ಒಂದು ಪುಸ್ತಕ ಕೆಡವುತ್ತದೆ. ಯಾರನ್ನೋ ಕಂಡು ಮೈ ನಿಮಿರಿಸುತ್ತದೆ. ಹೊತ್ತಲ್ಲದ ಹೊತ್ತಿನಲ್ಲಿ ಅರಚುತ್ತದೆ. ಬೆಕ್ಕಾದದ್ದು ಮಾಡುವುದೇ ಇದು! ಆದರೆ ಕ್ವಿಲರನ್ ಅದನ್ನು ಗಮನಿಸುತ್ತಾನೆ. ‘ಇದೇಕೆ? ಇಂದೇ ಏಕೆ?’ ಎಂದು ಕೇಳಿಕೊಳ್ಳುತ್ತಾನೆ. ಗುಟ್ಟು ಬಿಚ್ಚಿಕೊಳ್ಳುವುದು ಅಲ್ಲಿಂದ.

ಇದೇ ದಾರಿಯಲ್ಲಿ ಹಲವರು ನಡೆದರು. ರೀಟಾ ಮೇ ಬ್ರೌನ್ 1990ರಲ್ಲಿ ಆರಂಭಿಸಿದ ಮಾಲೆಯಲ್ಲಿ ವರ್ಜೀನಿಯದ ಕ್ರೋಜೆ ಎಂಬ ಸಣ್ಣ ಊರಿನ ಅಂಚೆಯಮ್ಮನೂ ಅವಳ ಬೆಕ್ಕು ಮಿಸೆಸ್ ಮರ್ಫಿಯೂ ಪತ್ತೇದಾರರು. ಪುಸ್ತಕದ ಮೇಲೆ ಲೇಖಕಿಯ ಹೆಸರಿನೊಡನೆ ಅವರು ಸಾಕಿದ ಬೆಕ್ಕಿನ ಹೆಸರೂ ಅಚ್ಚಾಗುತ್ತದೆ! ಜಪಾನಿನಲ್ಲಿ ಜಿರೋ ಅಕಾಗಾವಾ 1978ರಲ್ಲಿ ಹೋಮ್ಸ್ ಎಂಬ ಮೂರು ಬಣ್ಣದ ಬೆಕ್ಕನ್ನು, ರಕ್ತ ಕಂಡರೆ ಅಂಜುವ ಒಬ್ಬ ಪೋಲೀಸನಿಗೆ ಜೊತೆಮಾಡಿದರು.

ನಮ್ಮ ಬೆಕ್ಕು, ನಮ್ಮ ಪುರುಷೋತ್ತಮ

ನಮ್ಮ ಹಿರಿಯರು ಬೆಕ್ಕನ್ನು ನಿಲ್ಲಿಸಿದುದು ಬೇರೆಯೇ ಕಡೆ. ಪತ್ತೇದಾರನ ಪೀಠದಲ್ಲಲ್ಲ, ಆರೋಪಿಯ ಕಟಕಟೆಯಲ್ಲಿ. ಪಂಚತಂತ್ರದಲ್ಲಿ ನ್ಯಾಯ ಕೇಳಲು ಬಂದ ಮೊಲವನ್ನೂ ಹಕ್ಕಿಯನ್ನೂ ತಿಂದು ತೇಗುವುದು ತಪಸ್ವಿಯ ವೇಷದ ಬೆಕ್ಕು. ಮಹಾಬಲಿಪುರದ ಬಂಡೆಯ ಮೇಲೆಯೂ ಕಪಟ ತಪಸ್ಸಿಗೆ ನಿಂತ ಬೆಕ್ಕೊಂದಿದೆ. ‘ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಲೋಕಕ್ಕೆ ಕಾಣದೆ?’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ.

ಆದರೆ ಸಾಕ್ಷಿ ನುಡಿದ ಬೆಕ್ಕೂ ನಮ್ಮಲ್ಲಿ ಒಂದುಂಟು. ಅದು ತೆನಾಲಿ ರಾಮಕೃಷ್ಣನ ಬೆಕ್ಕು. ಅರಸನು ಹಾಲಿಗೆಂದು ಹಸುವನ್ನೂ ಕೊಟ್ಟು ಸಾಕಲು ಹೇಳಿದ್ದ ಬೆಕ್ಕು ಆಸ್ಥಾನದಲ್ಲಿ ಹಾಲು ಕಂಡು ಓಡಿಹೋಯಿತು. ಬೆಕ್ಕು ಹಾಲಿಗೆ ಹೆದರುವುದುಂಟೆ? ಹಾಗಾದರೆ ಏನೋ ನಡೆದಿದೆ! ಮೊದಲ ದಿನವೇ ಕುದಿಯುವ ಹಾಲಿಟ್ಟು ನಾಲಗೆ ಸುಡಿಸಿದ ಗುಟ್ಟು ಹೊರಬಿದ್ದುದು ಹೀಗೆ. ಮೂಕಪ್ರಾಣಿ ತನ್ನ ನಡತೆಯಿಂದಲೇ ಹೇಳಿಕೆ ಕೊಟ್ಟಿತು. ಕೋಕೋ ಮಾಡುವುದೂ ಇದನ್ನೇ.

ಕನ್ನಡದ ಪತ್ತೇದಾರಿ ಸಾಹಿತ್ಯವಂತೂ ಬಲು ಸಮೃದ್ಧ. ಶಾಲೆಯಲ್ಲಿ ಹೆಚ್ಚು ಕಲಿಯದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದು, ಪತ್ತೇದಾರ ಪುರುಷೋತ್ತಮನನ್ನು ಮನೆಮಾತಾಗಿಸಿದರು. ಅವರೂ ತೀರಿಕೊಂಡದ್ದು 2011ರಲ್ಲೇ. ನಮ್ಮ ಅತ್ತೆಯವರು ಹುಡುಗಿಯಾಗಿದ್ದಾಗ ಆ ಪುಸ್ತಕಗಳನ್ನು ಜೋಳದ ಗುಮ್ಮಿಯ ಹಿಂದೆ ಬಚ್ಚಿಟ್ಟು ಓದುತ್ತಿದ್ದರಂತೆ.

ಇನ್ನು ಸಣ್ಣ ಊರಿನ ರಹಸ್ಯವೆಂದರೆ ಪೂರ್ಣಚಂದ್ರ ತೇಜಸ್ವಿಯವರ 1985ರ ‘ಚಿದಂಬರ ರಹಸ್ಯ’ವನ್ನು ಮರೆಯಲಾದೀತೆ? ಏಲಕ್ಕಿ ಸಂಶೋಧಕನೊಬ್ಬನ ಸಂಶಯಾಸ್ಪದ ಸಾವಿನ ಹಿಂದೆ ಗುಪ್ತಚರ ಇಲಾಖೆಯ ಅಂಗಡಿಯವರು ಕೆಸರೂರಿಗೆ ಬರುತ್ತಾರೆ. ಆದರೆ ಅಲ್ಲಿ ಪ್ರತಿಯೊಬ್ಬನಿಗೂ ತನ್ನ ತನ್ನ ಸಂಶಯವೇ ದೊಡ್ಡದು. ಕೊನೆಗೆ ಊರಿಗೇ ಬೆಂಕಿ. ಅಲ್ಲಿ ನೆಮ್ಮದಿಯ ಚಹಾ ಇಲ್ಲ. ಊರು ಚಿಕ್ಕದಾದ ಮಾತ್ರಕ್ಕೆ ಸಾಲದು, ಒಬ್ಬರಿಗೊಬ್ಬರು ಲಕ್ಷ್ಯ ಕೊಡದಿದ್ದರೆ ಚಿಕ್ಕ ಊರೂ ಉಳಿಯುವುದಿಲ್ಲವೆಂದು ಆ ಪುಸ್ತಕ ನನಗೆ ಹೇಳುವಂತಿದೆ.

ಎದುರುಮನೆಯ ಬೆಕ್ಕು

ಈಗ ನಮ್ಮ ಮೆಹದಿಪಟ್ಟಣಂ ಮಾತಿಗೆ ಬರೋಣ. ಹುಮನಾಬಾದಿನಲ್ಲಿ ನಮ್ಮವರ ವಿಳಾಸ, ಬೇವಿನ ಮರದ ಎದುರಿನ ಮನೆ. ಇಲ್ಲಿ ವಿಳಾಸ ಕೇಳಿದರೆ ಹೇಳುವುದು ಕಂಬದ ನಂಬರು! 2009ರಲ್ಲಿ ಇಲ್ಲಿಂದ ಆರಾಂಘರ್‌ವರೆಗೆ ತಲೆಯ ಮೇಲೆ ಹಾದುಹೋದ ಸುಮಾರು ಹನ್ನೊಂದೂವರೆ ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ರಸ್ತೆಯ ಕಂಬಗಳೇ ಈಗ ನಮ್ಮ ಬೇವಿನ ಮರಗಳು. ನಮ್ಮ ಕಟ್ಟಡದಲ್ಲಿ ನಲವತ್ತು ಸಂಸಾರಗಳಿವೆ. ಲಿಫ್ಟಿನಲ್ಲಿ ಮುಗುಳ್ನಗುತ್ತೇವೆ, ಹೆಸರು ತಿಳಿಯದು.

ಎದುರುಮನೆಯಲ್ಲಿ ಒಬ್ಬ ಮುಸಲ್ಮಾನ ವೃದ್ಧೆ ಒಂಟಿಯಾಗಿದ್ದಾರೆ. ಮಗ ಪರದೇಶದಲ್ಲಿ. ನಾವು ಅವರನ್ನು ಖಾಲಾ ಎನ್ನುತ್ತೇವೆ. ಅವರು ದಿನವೂ ಬೆಳಿಗ್ಗೆ ಒಂದು ಬೂದು ಬೆಕ್ಕಿಗೆ ಹಾಲು ಹಾಕುವರು. ಅದಕ್ಕಾಗಿ ನಮ್ಮ ಅತ್ತೆಯವರಿಗೆ ಅವರ ಮೇಲೆ ಸಣ್ಣ ಮುನಿಸು.

ಕಳೆದ ಮಳೆಗಾಲದ ಒಂದು ಮುಂಜಾನೆ ಆ ಬೆಕ್ಕು ಬಿಡದೆ ಕೂಗತೊಡಗಿತು. ಕಾವಲುಗಾರ ಎರಡು ಸಲ ಓಡಿಸಿದ. ಆಫೀಸಿಗೆ ಹೊರಟವರು ‘ಹುಶ್’ ಎಂದು ದಾಟಿ ಹೋದರು. ನಾನೂ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಬಾಗಿಲು ಮುಚ್ಚಿದೆ. ಅತ್ತೆಯವರು ಮಾತ್ರ ಕಿಂಡಿಯಿಂದ ನೋಡಿ ಹೇಳಿದರು:

“ಬೆಕ್ಕು ಮುಂಜಾನಿಂದ ಒದರ್ಲಿಕತ್ತದ. ಹಾಲಿನ ಪಾಕೀಟು ಬಾಗಿಲದಾಗೇ ಬಿದ್ದದ. ಖಾಲಾ ಎದ್ದಿಲ್ಲ. ಹೋಗಿ ನೋಡವ್ವ.”

“ನಿದ್ದೆ ಹತ್ತಿರಬೇಕು ಅತ್ತೀ.”

“ನಮಾಜಿಗೆ ಏಳೋರು ಎಂಟರ ತನಕ ಮಲಗತಾರೇನು?”

ಗಂಟೆ ಒತ್ತಿದರೆ ಉತ್ತರವಿಲ್ಲ. ಮೇಲಿನ ಮಹಡಿಯವರಲ್ಲಿ ಅವರು ಇಟ್ಟಿದ್ದ ಇನ್ನೊಂದು ಕೀಲಿಕೈ ತಂದು ತೆಗೆದೆವು. ಖಾಲಾ ಬಚ್ಚಲಲ್ಲಿ ಜಾರಿಬಿದ್ದು, ಸೊಂಟದ ಮೂಳೆ ಮುರಿದು, ಕೂಗಲು ಶಕ್ತಿಯಿಲ್ಲದೆ ಇರುಳೆಲ್ಲ ನೆಲದ ಮೇಲೆ ಬಿದ್ದಿದ್ದರು. ಇನ್ನಷ್ಟು ತಡವಾಗಿದ್ದರೆ ಕಷ್ಟವಿತ್ತೆಂದು ಡಾಕ್ಟರು ಹೇಳಿದರು. ಈಗ ಕೋಲು ಹಿಡಿದು ನಡೆಯುತ್ತಾರೆ.

ಮಗಳು ಹಿಗ್ಗಿ, “ಅಜ್ಜಿ, ನಮ್ಮ ಕಟ್ಟಡಕ್ಕೂ ಒಂದು ಕೋಕೋ ಸಿಕ್ಕಿತು!” ಎಂದಳು. ಅತ್ತೆಯವರು ಒಪ್ಪಲಿಲ್ಲ. “ಬೆಕ್ಕೇನು ಶಾಣ್ಯಾ ಅಲ್ಲ. ಅದಕ್ಕ ಹಸಿವಿತ್ತು. ನಾವು ಕಿವಿಗೊಟ್ವಿ, ಅಷ್ಟೇ” ಎಂದರು.

ಈ ಕತೆಗಳ ಆಕರ್ಷಣೆ ಏನೆಂದು ನನಗೆ ಹೊಳೆದುದು ಆಗ. ಬೆಕ್ಕಿನ ಜಾಣತನವೆಂದರೆ ಅದನ್ನು ನೋಡುವವರ ಲಕ್ಷ್ಯ. ಬೆಕ್ಕು ಎಲ್ಲರ ಮನೆಗೂ ಹೋಗುತ್ತದೆ. ಅದಕ್ಕೆ ಜಾತಿ ಮತ ಭಾಷೆಗಳ ಬಾಗಿಲಿಲ್ಲ. ಅದು ಹೋದಲ್ಲೆಲ್ಲ ಯಾರಾದರೂ ನೋಡುವವರಿದ್ದಾರೆಂಬ ಭರವಸೆಯೇ ಆ ಪುಟ್ಟ ಊರು. ನಮ್ಮ ಓಣಿಯಲ್ಲಿ ಒಂದು ಮನೆಯ ಒಲೆ ಹೊತ್ತದಿದ್ದರೆ ಹತ್ತು ಮನೆಯವರು ಕೇಳುತ್ತಿದ್ದರು. ಅಂದು ಅದನ್ನು ಕಿರಿಕಿರಿ ಎಂದುಕೊಂಡು ಊರು ಬಿಟ್ಟು ಬಂದವರು ನಾವು. ಇಂದು ಅದನ್ನೇ ಕತೆಯಲ್ಲಿ ಹುಡುಕಿ ಓದುತ್ತಿದ್ದೇವೆ. ಕತೆಯಲ್ಲಿ ಓದಿದರೆ ಸಾಲದು. ಎದುರುಮನೆಯ ಬಾಗಿಲಲ್ಲಿ ಹಾಲಿನ ಪ್ಯಾಕೆಟ್ಟು ಹಾಗೇ ಬಿದ್ದಿದೆಯೇ ಎಂದು ನೋಡುವಷ್ಟು ಪತ್ತೇದಾರಿಕೆ ನಮ್ಮೆಲ್ಲರಿಗೂ ಬರಬೇಕು.

ಬೆಕ್ಕು ಅಡ್ಡ ಬಂದರೆ ಅತ್ತೆಯವರು ಈಗಲೂ ಎರಡು ನಿಮಿಷ ಕೂರುತ್ತಾರೆ. ಕೂತು ಅದನ್ನೇ ಕೇಳುತ್ತಾರೆ: “ಏನಪಾ, ಖಾಲಾ ಎದ್ದಾರೇನು?”