ಬಣ್ಣದ ಹಾವಿನ ವ್ಯಾಪಾರ

ರಜೆಯ ದಿನ ಸುಲ್ತಾನ್ ಬಜಾರಿನ ನಮ್ಮ ಹೋಟೆಲ್ ಕಾರ್ಮಿಕರೂ ಗುಮಾಸ್ತರೂ ಮಡದಿ ಮಕ್ಕಳೊಡನೆ ನೆಹರೂ ಪ್ರಾಣಿಸಂಗ್ರಹಾಲಯಕ್ಕೆ ಹೋಗುವುದುಂಟು. 1963ರಲ್ಲಿ ತೆರೆದ ಆ ವನದಲ್ಲಿ ಬಿಳಿ ಹುಲಿಯನ್ನು ಕಂಡು ಬೆರಗಾಗದವರು ವಿರಳ. ಅಪರೂಪದ ಬಣ್ಣದ ಮೇಲಣ ಈ ಮೋಹವೇ ಅಮೆರಿಕ, ಯೂರೋಪುಗಳಲ್ಲಿ ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಅಲ್ಲಿ ಮಾರಾಟವಾಗುವುದು ಹುಲಿಯಲ್ಲ, ಹಾವು!

ಪಶ್ಚಿಮ ಆಫ್ರಿಕದ ಬಾಲ್ ಪೈಥಾನ್ ಎಂಬುದು ವಿಷವಿಲ್ಲದ, ಸಾಧುಸ್ವಭಾವದ ಚಿಕ್ಕ ಹೆಬ್ಬಾವು. ಹೆದರಿದಾಗ ಚೆಂಡಿನಂತೆ ಸುತ್ತಿಕೊಳ್ಳುವುದರಿಂದ ಅದಕ್ಕೆ ಆ ಹೆಸರು. ಸಹಜವಾಗಿ ಕಪ್ಪು ಕಂದು ಮಚ್ಚೆಗಳುಳ್ಳ ಈ ಹಾವಿನಲ್ಲಿ, 1992ರಲ್ಲಿ ಅಮೆರಿಕದ ಸಾಕಣೆದಾರರೊಬ್ಬರು ಹಳದಿ ಬಿಳುಪಿನ, ಕೆಂಗಣ್ಣಿನ ಮರಿಗಳನ್ನು ಪಡೆದರು. ಇಂದು ಇಂತಹ ಬಣ್ಣದ ತಳಿಗಳು ಸಾವಿರಾರು.

ಇದರ ಗುಟ್ಟೇನು? ಬಣ್ಣವನ್ನು ಅಳಿಸುವ ವಂಶವಾಹಿ ತಂದೆತಾಯಿಗಳಿಬ್ಬರಿಂದಲೂ ಬಂದಾಗ ಮಾತ್ರ ಮರಿ ಬಿಳುಪಾಗುತ್ತದೆ. ಒಬ್ಬರಿಂದ ಬಂದರೆ ಅದು ಅಡಗಿಯೇ ಇರುತ್ತದೆ. ಆದುದರಿಂದ ಸಾಕುವವರು ಒಂದೇ ಸಂತಾನದೊಳಗೆ ಜೋಡಿ ಮಾಡುವುದುಂಟು. ಬಿಳಿ ಹುಲಿಯ ಕಥೆಯೂ ಇದೇ. ರೀವಾದ ಮಹಾರಾಜರು 1951ರಲ್ಲಿ ಹಿಡಿಸಿದ ‘ಮೋಹನ’ನಿಗೆ ಸಾಮಾನ್ಯ ಹೆಣ್ಣುಹುಲಿಯಿಂದ ಬಿಳಿ ಮರಿ ಹುಟ್ಟಲಿಲ್ಲ. ಅವನ ಸ್ವಂತ ಮಗಳಾದ ‘ರಾಧೆ’ಯೊಡನೆ ಕೂಡಿಸಿದ ಮೇಲೆ, 1958ರಲ್ಲಿ ನಾಲ್ಕು ಬಿಳಿ ಮರಿಗಳು ಜನಿಸಿದವು. ಬಣ್ಣವು ಉಳಿಯಿತು, ಆದರೆ ಆ ಸಂತತಿಯಲ್ಲಿ ಮೆಳ್ಳೆಗಣ್ಣು ಮೊದಲಾದ ದೋಷಗಳು ಕಾಣಿಸಿಕೊಂಡವು.

ಹಾವಿನ ‘ಸ್ಪೈಡರ್’ ತಳಿಯದು ಇನ್ನೂ ದಾರುಣ. ಮೈಮೇಲೆ ಜೇಡರಬಲೆಯಂತಹ ಸೊಗಸಾದ ಗೆರೆಗಳು. ಆದರೆ ಒಳಕಿವಿಯ ರಚನೆಯೇ ವಿಕಾರ. ಸಮತೋಲ ತಪ್ಪಿ ತಲೆ ನಡುಗುತ್ತದೆ, ಕೆಲವು ಹಾವುಗಳು ಅಂಗಾತ ಬೀಳುತ್ತವೆ, ಗುರಿಯಿಟ್ಟು ಆಹಾರ ಹಿಡಿಯಲಾರವು. ಆ ಬಣ್ಣವನ್ನೂ ಈ ರೋಗವನ್ನೂ ಬೇರ್ಪಡಿಸಲು ಸಾಧ್ಯವಾಗಿಲ್ಲ. ಚೆಲುವಿಗಾಗಿ ಹಣ ಕೊಡುವವನು ಮನುಷ್ಯ, ನೋವನ್ನು ಉಣ್ಣುವುದು ಮೂಕಪ್ರಾಣಿ.

ನಮ್ಮ ವಾಚಕರು ಅರಿತಿರಬೇಕಾದ ಇನ್ನೊಂದು ಮಾತುಂಟು. ನಾಗರ, ಕೇರೆ, ಹೆಬ್ಬಾವು ಮೊದಲಾದ ನಮ್ಮ ನಾಡಿನ ಹಾವುಗಳನ್ನು ಹಿಡಿಯುವುದೂ ಮನೆಯಲ್ಲಿ ಸಾಕುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ, ಅದಕ್ಕೆ ಸೆರೆವಾಸವುಂಟು. 2022ರ ತಿದ್ದುಪಡಿಯ ಮೇರೆಗೆ ಬಾಲ್ ಪೈಥಾನಿನಂತಹ ವಿದೇಶೀ ಜೀವಿಯನ್ನು ಇಟ್ಟುಕೊಂಡವರೂ ಸರ್ಕಾರದಲ್ಲಿ ನೋಂದಾಯಿಸಿ, ಮರಿ ಹುಟ್ಟಿದರೆ ಅದನ್ನೂ ತಿಳಿಸತಕ್ಕದ್ದು. ಯಾರಾದರೂ ಬಣ್ಣದ ಮರಿಯನ್ನು ಅಗ್ಗಕ್ಕೆ ಕೊಡುವೆನೆಂದರೆ, ತಿಂಗಳ ಸಂಬಳವನ್ನು ಅವನ ಕೈಗಿಡುವ ಮುನ್ನ ಆ ಕಾಗದಪತ್ರವನ್ನು ಕೇಳಿರಿ.