ಸಯಾಂ ಅರಮನೆಯಲ್ಲಿ ಆಂಗ್ಲ ಶಿಕ್ಷಣ: ೧೮೬೨–೧೮೬೭

ಪರದೇಶದಲ್ಲಿ ನೆಲೆಸಿ ಅಲ್ಲಿಯ ಎಳೆಯ ಮಕ್ಕಳಿಗೆ ಇಂಗ್ಲಿಷನ್ನು ಕಲಿಸುವ ಕಾರ್ಯವನ್ನು ಸಾಮಾನ್ಯವಾಗಿ ಶಿಕ್ಷಣಶಾಸ್ತ್ರದ ವಿಷಯವೆಂದೇ ಎಣಿಸುವುದುಂಟು. ಯಾವ ವಯಸ್ಸಿನಲ್ಲಿ ಆರಂಭಿಸಬೇಕು, ಯಾವ ಪದ್ಧತಿ ಮೇಲು ಎಂಬ ಪ್ರಶ್ನೆಗಳು ಅಲ್ಲಿ ಪ್ರಧಾನವಾಗುತ್ತವೆ. ಆದರೆ ಇತಿಹಾಸದ ವಿದ್ಯಾರ್ಥಿಯು ಇವುಗಳಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಶಿಕ್ಷಕರನ್ನು ಕರೆಸಿದವರು ಯಾರು, ಯಾವ ಕರಾರಿನ ಮೇಲೆ ಕರೆಸಿದರು? ಈ ಪ್ರಶ್ನೆಯ ಮಹತ್ತ್ವವನ್ನು ತೋರಿಸಲು ನಾವು ಇಲ್ಲಿ ಸಯಾಂ ದೇಶದ, ಎಂದರೆ ಇಂದಿನ ಥಾಯ್ಲೆಂಡಿನ, ಅರಮನೆಯಲ್ಲಿ ೧೮೬೨ರಿಂದ ೧೮೬೭ರವರೆಗೆ ನಡೆದ ಒಂದು ಪುಟ್ಟ ಶಾಲೆಯನ್ನು ಪರಿಶೀಲಿಸುತ್ತೇವೆ.

ಆಗ ಸಯಾಮನ್ನು ಆಳುತ್ತಿದ್ದವನು ಮೋಂಗ್‌ಕುಟ್. ಸಂಸ್ಕೃತದ ಮಕುಟ ಶಬ್ದವೇ ಈ ಹೆಸರಿನ ಮೂಲ. ೧೮೫೧ರಲ್ಲಿ ಸಿಂಹಾಸನವನ್ನೇರುವುದಕ್ಕೆ ಮೊದಲು ಈತನು ೨೭ ವರ್ಷಗಳ ಕಾಲ ಬೌದ್ಧ ಭಿಕ್ಷುವಾಗಿದ್ದನು. ಆ ಅವಧಿಯಲ್ಲಿಯೇ ಫ್ರೆಂಚ್ ಬಿಷಪ್ ಪಾಲೆಗ್ವಾನಿಂದ ಲ್ಯಾಟಿನ್ ಭಾಷೆಯನ್ನೂ ಅಮೆರಿಕದ ಪಾದ್ರಿ ಜೆಸ್ಸಿ ಕ್ಯಾಸ್ವೆಲ್ಲನಿಂದ ಇಂಗ್ಲಿಷನ್ನೂ ಕಲಿತನು. ಕ್ಯಾಸ್ವೆಲ್ಲನಿಗೆ ಪ್ರತಿಫಲವಾಗಿ ವಿಹಾರದ ಆವರಣದಲ್ಲಿ ಕ್ರೈಸ್ತ ಧರ್ಮವನ್ನು ಬೋಧಿಸಲು ಅವಕಾಶ ದೊರೆಯಿತು. ಪಾದ್ರಿ ಬೋಧಿಸಿದನು, ಭಿಕ್ಷುವು ಭಾಷೆಯನ್ನು ಗ್ರಹಿಸಿ ಮತವನ್ನು ಬದಿಗಿರಿಸಿದನು. ಮುಂದೆ ತನ್ನ ಮಕ್ಕಳ ವಿಷಯದಲ್ಲಿ ಈತನು ಅನುಸರಿಸಿದ ನೀತಿಯ ಬೀಜವನ್ನು ಇಲ್ಲಿಯೇ ಕಾಣಬಹುದು.

ಇಂಗ್ಲಿಷಿನ ಅವಶ್ಯಕತೆ ಸಯಾಮಿಗೆ ಏಕೆ ಉಂಟಾಯಿತೆಂಬುದು ಸ್ಪಷ್ಟವಾಗಿಯೇ ಇದೆ. ೧೮೨೪–೨೬ ಮತ್ತು ೧೮೫೨ರ ಯುದ್ಧಗಳಲ್ಲಿ ನೆರೆಯ ಬರ್ಮಾದ ಕರಾವಳಿಯೆಲ್ಲ ಬ್ರಿಟಿಷರ ವಶವಾಗಿತ್ತು. ಅಫೀಮಿನ ಯುದ್ಧದಲ್ಲಿ ಚೀನಾದಂತಹ ಸಾಮ್ರಾಜ್ಯವೇ ಸೋತಿತ್ತು. ೧೮೫೫ರಲ್ಲಿ ಸರ್ ಜಾನ್ ಬೌರಿಂಗನೊಡನೆ ಮಾಡಿಕೊಂಡ ಒಪ್ಪಂದದ ಮೇರೆಗೆ ಸಯಾಂ ಆಮದು ಸುಂಕವನ್ನು ನೂರಕ್ಕೆ ೩ರಷ್ಟಕ್ಕೆ ಸೀಮಿತಗೊಳಿಸಿತು. ಬ್ರಿಟಿಷ್ ಪ್ರಜೆಗಳ ವಿಚಾರಣೆಯ ಹಕ್ಕನ್ನು ಅವರ ಕಾನ್ಸಲನಿಗೆ ಬಿಟ್ಟುಕೊಟ್ಟಿತು. ಇಂತಹ ಸನ್ನಿವೇಶದಲ್ಲಿ ಪ್ರಬಲರ ಭಾಷೆಯನ್ನು ಅರಿಯದ ರಾಜವಂಶವು ದುಭಾಷಿಗಳ ಕೈಗೊಂಬೆಯಾಗುವುದು ಅನಿವಾರ್ಯವೆಂದು ರಾಜನು ಮನಗಂಡನು.

ಅರಮನೆಯ ಮೊದಲ ಪ್ರಯತ್ನ ಫಲಿಸಲಿಲ್ಲ. ೧೮೫೧ರಲ್ಲಿ ಅಮೆರಿಕದ ಪಾದ್ರಿಗಳ ಪತ್ನಿಯರನ್ನು ಅಂತಃಪುರದ ಸ್ತ್ರೀಯರಿಗೆ ಇಂಗ್ಲಿಷ್ ಕಲಿಸಲು ಆಹ್ವಾನಿಸಲಾಯಿತು. ಪಾಠದೊಡನೆ ಮತಬೋಧೆಯೂ ನುಸುಳತೊಡಗಲು, ಕೆಲವು ವರ್ಷಗಳಲ್ಲಿಯೇ ಈ ಏರ್ಪಾಟು ನಿಂತುಹೋಯಿತು. ಆದುದರಿಂದ ಎರಡನೆಯ ಬಾರಿ ರಾಜನು ಎಚ್ಚರಿಕೆ ವಹಿಸಿದನು. ಸಿಂಗಾಪುರದಲ್ಲಿದ್ದ ತನ್ನ ಪ್ರತಿನಿಧಿ ಟಾನ್ ಕಿಮ್ ಚಿಂಗನ ಮೂಲಕ ವಿಚಾರಿಸಿ, ಅಲ್ಲಿ ಚಿಕ್ಕ ಶಾಲೆಯೊಂದನ್ನು ನಡೆಸುತ್ತಿದ್ದ ಅನ್ನಾ ಲಿಯೊನೊವೆನ್ಸ್ ಎಂಬ ವಿಧವೆಯನ್ನು ಆರಿಸಿಕೊಂಡನು. ೧೮೬೨ರ ಫೆಬ್ರವರಿಯಲ್ಲಿ ಆಕೆಗೆ ತಾನೇ ಇಂಗ್ಲಿಷಿನಲ್ಲಿ ಪತ್ರ ಬರೆದನು. ಭಾಷೆ, ವಿಜ್ಞಾನ, ಸಾಹಿತ್ಯಗಳನ್ನು ಕಲಿಸಬೇಕು, ಮತಾಂತರದ ಯತ್ನ ಕೂಡದು ಎಂಬುದು ಅದರ ಸಾರಾಂಶ. ಸಂಬಳ ತಿಂಗಳಿಗೆ ೧೦೦ ಡಾಲರು. ಸುಂಕದ ಮೇಲಣ ಅಧಿಕಾರವನ್ನು ಬಿಟ್ಟುಕೊಡಬೇಕಾಗಿ ಬಂದ ಅರಸನು ಪಾಠಶಾಲೆಯ ಮೇಲಣ ಅಧಿಕಾರವನ್ನು ಬಿಟ್ಟುಕೊಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಶಿಕ್ಷಕಿಯ ವಿಚಾರ. ತಾನು ವೇಲ್ಸ್ ಪ್ರಾಂತ್ಯದಲ್ಲಿ ೧೮೩೪ರಲ್ಲಿ ಹುಟ್ಟಿದವಳೆಂದೂ ಸೈನ್ಯದ ಮೇಜರೊಬ್ಬನ ಪತ್ನಿಯೆಂದೂ ಆಕೆ ಹೇಳಿಕೊಂಡಿದ್ದಳು. ಈ ಮಾತು ಬಹುಕಾಲ ಪ್ರಶ್ನಾತೀತವಾಗಿತ್ತು. ೧೯೭೬ರಲ್ಲಿ ಪ್ರಕಟವಾದ ಡಬ್ಲ್ಯು. ಎಸ್. ಬ್ರಿಸ್ಟೋ ಎಂಬ ವಿದ್ವಾಂಸನ ಗ್ರಂಥವೂ ತರುವಾಯದ ಸಂಶೋಧನೆಗಳೂ ಇದನ್ನು ಅಲ್ಲಗಳೆದಿವೆ. ಆಕೆ ಹುಟ್ಟಿದುದು ೧೮೩೧ರಲ್ಲಿ, ಮುಂಬಯಿ ಪ್ರಾಂತ್ಯದ ಅಹಮದ್‌ನಗರದಲ್ಲಿ. ತಂದೆ ಕಂಪನಿಯ ಸೈನ್ಯದಲ್ಲಿ ಸಾಮಾನ್ಯ ಸಾರ್ಜೆಂಟ್. ಪತಿ ಒಬ್ಬ ಗುಮಾಸ್ತ, ೧೮೫೯ರಲ್ಲಿ ಪೆನಾಂಗಿನಲ್ಲಿ ಮಡಿದವನು. ನಿರ್ಗತಿಕಳಾದ ವಿಧವೆಗೆ ಇಬ್ಬರು ಮಕ್ಕಳನ್ನು ಸಾಕಲು ಉಪಾಧ್ಯಾಯ ವೃತ್ತಿಯ ಹೊರತು ಬೇರೆ ದಾರಿಯಿರಲಿಲ್ಲ. ಆ ವೃತ್ತಿಯಲ್ಲಿ ಇಂಗ್ಲೆಂಡಿನ ಕುಲೀನ ಜನ್ಮಕ್ಕೆ ಇದ್ದ ಬೆಲೆ ಭಾರತದ ದಂಡಿನ ಜನ್ಮಕ್ಕೆ ಇರಲಿಲ್ಲ. ಆಕೆಯ ಕಲ್ಪಿತ ಪೂರ್ವಚರಿತ್ರೆಯನ್ನು ನಾವು ಕೇವಲ ಸುಳ್ಳೆಂದು ತಳ್ಳಿಹಾಕದೆ, ವಸಾಹತು ಸಮಾಜದ ತರತಮಗಳಿಗೆ ಸಾಕ್ಷಿಯೆಂದೂ ಓದಬೇಕಾಗಿದೆ.

ಮಗಳು ಏವಿಸಳನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿ, ಸುಮಾರು ಆರು ವರ್ಷದ ಮಗ ಲೂಯಿಯೊಡನೆ ಆಕೆ ಬ್ಯಾಂಕಾಕಿಗೆ ಬಂದಳು. ೧೮೭೦ರಲ್ಲಿ ಪ್ರಕಟಿಸಿದ ತನ್ನ ಸ್ಮರಣಗ್ರಂಥದಲ್ಲಿ ಶಾಲೆಯ ಆರಂಭವನ್ನು ವರ್ಣಿಸಿರುವಳು. ಸುಮಾರು ಇಪ್ಪತ್ತು ರಾಜಕುಮಾರ ರಾಜಕುಮಾರಿಯರು ಮೇಜಿನ ಸುತ್ತ ಕುಳಿತರು. ಎದುರಿಗೆ ಅಮೆರಿಕದ ನೋವಾ ವೆಬ್‌ಸ್ಟರನ ಕಾಗುಣಿತ ಪುಸ್ತಕ. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಗಟ್ಟಿಯಾಗಿ ಒದರುವುದೇ ಮೊದಲ ಪಾಠ. ನಮ್ಮ ಕೂಲಿಮಠಗಳ ಕಾಗುಣಿತವನ್ನು ಬಲ್ಲವರಿಗೆ ಈ ಪದ್ಧತಿ ಅಪರಿಚಿತವೇನೂ ಅಲ್ಲ. ಆದರೆ ಕೂಲಿಮಠದ ಬಾಲಕನಿಗೆ ಅಕ್ಷರದ ಹಿಂದೆ ತಾನು ದಿನವೂ ಆಡುವ ಮಾತಿತ್ತು; ಈ ಮಕ್ಕಳಿಗೆ ಅಕ್ಷರವೂ ಹೊಸದು, ಮಾತೂ ಹೊಸದು. ಶಾಲೆಯ ಗೋಡೆಯ ಹೊರಗೆ ಅವರು ಇಂಗ್ಲಿಷನ್ನು ಕೇಳುವ ಅವಕಾಶವೇ ವಿರಳವಾಗಿತ್ತು. ಪಾಠಗಳಲ್ಲಿ ಒಂದು ಇಂಗ್ಲಿಷ್ ಮಗುವಾಗಿ ಲೂಯಿ ಇದ್ದುದು ಈ ದೃಷ್ಟಿಯಿಂದ ಗಮನಾರ್ಹ. ಆ ಬಾಲಕನಿಗೆ ಸಯಾಮೀ ಭಾಷೆಯು ಆಟದಿಂದಲೇ ಬಂದಿತು. ದೊಡ್ಡವನಾದ ಮೇಲೆ ಅವನು ಸಯಾಮಿಗೆ ಮರಳಿ ರಾಜನ ಅಶ್ವದಳದಲ್ಲಿ ಅಧಿಕಾರಿಯಾದನು, ಅನಂತರ ತೇಗದ ವ್ಯಾಪಾರಿಯಾದನು. ಭಾಷೆಯ ನಡುವೆ ಬದುಕುವುದಕ್ಕೂ ಭಾಷೆಯನ್ನು ಪಾಠವಾಗಿ ಓದುವುದಕ್ಕೂ ಇರುವ ಅಂತರಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಶಿಕ್ಷಕಿಯ ಅತ್ಯಂತ ಪ್ರೀತಿಯ ಶಿಷ್ಯೆ, ೧೮೫೫ರಲ್ಲಿ ಜನಿಸಿದ ರಾಜಕುಮಾರಿ ಚಂದ್ರಮಂಡಲ, ೧೮೬೩ರಲ್ಲಿ ಕಾಲರಾ ರೋಗಕ್ಕೆ ತುತ್ತಾದಳು. ಶಾಲೆಯ ಅತ್ಯಂತ ಪ್ರಸಿದ್ಧ ಶಿಷ್ಯನು ೧೮೫೩ರಲ್ಲಿ ಹುಟ್ಟಿದ ಚುಲಾಲಂಕರಣ. ಈತನು ೧೮೬೬ರಲ್ಲಿ ಸಂಪ್ರದಾಯದಂತೆ ಶ್ರಾಮಣೇರ ದೀಕ್ಷೆಯನ್ನೂ ಪಡೆದನು. ೧೮೬೮ರಲ್ಲಿ ಮೋಂಗ್‌ಕುಟ್ ತೀರಿಕೊಳ್ಳಲು ಹದಿನೈದನೆಯ ವಯಸ್ಸಿನಲ್ಲಿ ರಾಜನಾಗಿ ೧೯೧೦ರವರೆಗೆ ಆಳಿದನು. ಇವನ ಕಾಲದಲ್ಲಿ ೧೮೭೪ರಿಂದ ೧೯೦೫ರವರೆಗೆ ಹಂತಹಂತವಾಗಿ ದಾಸ್ಯಪದ್ಧತಿ ರದ್ದಾಯಿತು. ಇದಕ್ಕೆ ಆಂಗ್ಲ ಶಿಕ್ಷಕಿಯ ಪಾಠವೇ ಕಾರಣವೆಂಬ ಅಭಿಪ್ರಾಯವು ೧೯೪೪ರ ಮಾರ್ಗರೆಟ್ ಲ್ಯಾಂಡನಳ ಕಾದಂಬರಿಯಿಂದಲೂ ೧೯೫೬ರ ಚಲನಚಿತ್ರದಿಂದಲೂ ಜಗತ್ತಿನಾದ್ಯಂತ ಹರಡಿತು. ಆ ಚಿತ್ರವನ್ನು ಥಾಯ್ಲೆಂಡ್ ನಿಷೇಧಿಸಿತು.

ಈ ಅಭಿಪ್ರಾಯವನ್ನು ಒಪ್ಪಲು ನಮಗೆ ಸಾಧ್ಯವಿಲ್ಲ. ಆಕೆ ಹೊರಟುಹೋದ ಮೇಲೂ ಅರಮನೆಯ ಇಂಗ್ಲಿಷ್ ಶಿಕ್ಷಣ ನಿಲ್ಲಲಿಲ್ಲ. ಚುಲಾಲಂಕರಣನು ೧೮೭೧–೭೨ರಲ್ಲಿ ಭಾರತದಲ್ಲಿ ಪ್ರವಾಸ ಮಾಡಿ ಬ್ರಿಟಿಷ್ ಆಡಳಿತವನ್ನು ಕಣ್ಣಾರೆ ಕಂಡನು. ೧೮೭೨ರಲ್ಲಿ ಫ್ರಾನ್ಸಿಸ್ ಜಾರ್ಜ್ ಪ್ಯಾಟರ್ಸನ್ ಎಂಬ ಇಂಗ್ಲಿಷ್ ಶಿಕ್ಷಕನನ್ನು ತನ್ನ ತಮ್ಮಂದಿರಿಗಾಗಿ ನೇಮಿಸಿದನು. ಮುಂದೆ ವಿದೇಶಾಂಗ ಮಂತ್ರಿಯಾದ ದೇವವಂಶನೂ, ಒಳಾಡಳಿತವನ್ನು ಪುನರ್ರಚಿಸಿದ ಇತಿಹಾಸಕಾರ ದಾಮ್ರೋಂಗನೂ ಕಲಿತುದು ಅಲ್ಲಿಯೇ. ಹೀಗೆ ಶಿಕ್ಷಕರು ಬದಲಾದರು, ಉದ್ದೇಶ ಬದಲಾಗಲಿಲ್ಲ. ಆ ಉದ್ದೇಶವು ತಂದೆಯಿಂದ ಮಗನಿಗೆ ಬಂದುದು, ಶಿಕ್ಷಕಿಯಿಂದ ಶಿಷ್ಯನಿಗೆ ಬಂದುದಲ್ಲ.

ಇದೇ ಕಾಲದ ಮೈಸೂರಿನೊಡನೆ ಹೋಲಿಸಿದರೆ ಈ ಅಂಶ ಇನ್ನೂ ಸ್ಪಷ್ಟವಾಗುತ್ತದೆ. ೧೮೬೩ರಲ್ಲಿ ಜನಿಸಿದ ಹತ್ತನೆಯ ಚಾಮರಾಜೇಂದ್ರ ಒಡೆಯರು ೧೮೬೮ರಲ್ಲಿ ಬಾಲ್ಯದಲ್ಲಿಯೇ ಸಿಂಹಾಸನಕ್ಕೆ ಬಂದಾಗ ಸಂಸ್ಥಾನವು ಬ್ರಿಟಿಷ್ ಕಮಿಷನರನ ಆಡಳಿತದಲ್ಲಿತ್ತು. ೧೮೬೯ರಲ್ಲಿ ಅವರಿಗೆ ಪೋಷಕನಾಗಿ ಕರ್ನಲ್ ಮ್ಯಾಲಿಸನ್ ನೇಮಕಗೊಂಡನು. ಆ ನೇಮಕ ಮಾಡಿದುದು ಬ್ರಿಟಿಷ್ ಸರ್ಕಾರ. ಬಾಲರಾಜನು ಏನು ಕಲಿತು ಎಂತಹ ಅರಸನಾಗಬೇಕೆಂಬುದನ್ನು ನಿಶ್ಚಯಿಸುವ ಅಧಿಕಾರವೂ ಅದರದೇ. ಎರಡು ಅರಮನೆಗಳಲ್ಲಿಯೂ ಮಕ್ಕಳು ಕಲಿತ ಭಾಷೆ ಒಂದೇ. ಬ್ಯಾಂಕಾಕಿನಲ್ಲಿ ಶಿಕ್ಷಕಿಯು ಅರಸನ ಸಂಬಳದ ಸೇವಕಿ. ಮೈಸೂರಿನಲ್ಲಿ ಶಿಕ್ಷಣವು ಸಾರ್ವಭೌಮ ಸತ್ತೆಯ ಕೈಯಲ್ಲಿ.

ಈ ವ್ಯತ್ಯಾಸದ ಫಲವನ್ನು ಭಾಷೆಯ ಚರಿತ್ರೆಯಲ್ಲಿಯೂ ಕಾಣಬಹುದು. ೧೮೩೫ರ ಮೆಕಾಲೆಯ ಟಿಪ್ಪಣಿಯ ತರುವಾಯ ಭಾರತದಲ್ಲಿ ಇಂಗ್ಲಿಷು ಉನ್ನತ ಶಿಕ್ಷಣದ ಮತ್ತು ಸರ್ಕಾರಿ ಉದ್ಯೋಗದ ಹೆಬ್ಬಾಗಿಲಾಯಿತು. ಸಯಾಮಿನ ರಾಜಕುಮಾರರು ಇಂಗ್ಲಿಷನ್ನು ಚೆನ್ನಾಗಿ ಕಲಿತರೂ ರಾಜ್ಯದ ಆಡಳಿತ ನಡೆದುದು ಥಾಯಿ ಭಾಷೆಯಲ್ಲಿ. ೧೯೨೧ರಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣ ಬಂದಾಗ ಮಕ್ಕಳು ಓದಿದುದೂ ಥಾಯಿಯಲ್ಲಿಯೇ. ಅಲ್ಲಿ ಇಂಗ್ಲಿಷು ಹೊರಜಗತ್ತಿನೊಡನೆ ವ್ಯವಹರಿಸುವ ಸಾಧನವಾಗಿ ಉಳಿಯಿತು, ಮನೆಯ ಯಜಮಾನನಾಗಲಿಲ್ಲ.

ಪರಭಾಷೆಯನ್ನು ಎಳೆಯ ಮಕ್ಕಳಿಗೆ ಕಲಿಸುವುದರಿಂದ ಸ್ವಂತ ಸಂಸ್ಕೃತಿಗೆ ಹಾನಿಯೆಂದು ಕೆಲವರೂ, ಕಲಿಸದಿದ್ದರೆ ಪ್ರಗತಿಗೆ ಹಾನಿಯೆಂದು ಮತ್ತೆ ಕೆಲವರೂ ವಾದಿಸುತ್ತಾರೆ. ಸಯಾಮಿನ ಉದಾಹರಣೆಯು ಈ ಎರಡು ವಾದಗಳನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಭಾಷೆಯು ತಾನಾಗಿಯೇ ಬಂಧಿಸುವುದೂ ಇಲ್ಲ, ಬಿಡಿಸುವುದೂ ಇಲ್ಲ. ಕಲಿಕೆಯ ಕರಾರನ್ನು ಬರೆಯುವ ಕೈ ಯಾರದೆಂಬುದರ ಮೇಲೆ ಅದರ ಪರಿಣಾಮ ನಿಂತಿದೆ. ಯಾವುದೇ ದೇಶದ ಆಂಗ್ಲ ಶಿಕ್ಷಣದ ಚರಿತ್ರೆಯನ್ನು ಅಭ್ಯಸಿಸುವವರು ಶಿಕ್ಷಕರ ಸ್ಮರಣಗ್ರಂಥಗಳಿಗಿಂತ ಮೊದಲು ಅವರ ನೇಮಕದ ಪತ್ರಗಳನ್ನು ಹುಡುಕಿ ಓದುವುದು ಯುಕ್ತವೆಂದು ನಮ್ಮ ಅಭಿಪ್ರಾಯ.