ಗಬ್ಬರ್ ಸಾಯಬೇಕಿತ್ತೇ?

ರಾಮನಗರದ ರಾಮದೇವರ ಬೆಟ್ಟ ಇವತ್ತಿಗೂ ಅನೇಕರಿಗೆ ‘ಶೋಲೆ’ ಬೆಟ್ಟವೇ. 1973ರ ಅಕ್ಟೋಬರಿನಲ್ಲಿ ಆ ಹಿಂದಿ ಚಿತ್ರದ ಚಿತ್ರೀಕರಣ ಶುರುವಾದಾಗ ಇಲ್ಲಿನ ಬಂಡೆಗಳ ನಡುವೆ ರಾಮಗಢ ಎಂಬ ಹಳ್ಳಿಯೇ ಎದ್ದು ನಿಂತಿತ್ತು. ಅದಕ್ಕೂ ಮೊದಲು ಚಿತ್ರಕಥೆಗಾರರಾದ ಸಲೀಂ–ಜಾವೇದ್ ಜೋಡಿಯ ಕೈಯಲ್ಲಿದ್ದದ್ದು ನಾಲ್ಕು ಸಾಲಿನ ಕಥೆ: ಮನೆಮಂದಿಯನ್ನು ಕಳೆದುಕೊಂಡ ಸೇನಾಧಿಕಾರಿ ಸೇಡಿಗಾಗಿ ಇಬ್ಬರು ಮಾಜಿ ಸೈನಿಕರನ್ನು ಗೊತ್ತುಮಾಡುತ್ತಾನೆ. ಸೇನೆಯ ದೃಶ್ಯಗಳಿಗೆ ಅನುಮತಿ ಸಿಗುವುದು ಕಷ್ಟವೆಂದು ನಿರ್ದೇಶಕ ರಮೇಶ್ ಸಿಪ್ಪಿಯವರಿಗೆ ಅನ್ನಿಸಿದ್ದರಿಂದ ಸೇನಾಧಿಕಾರಿ ಪೊಲೀಸ್ ಅಧಿಕಾರಿ ಠಾಕೂರನಾದ, ಸೈನಿಕರು ಜೈ–ವೀರು ಎಂಬ ಕಳ್ಳರಾದರು. ಅನುಕೂಲಕ್ಕೆಂದು ಮಾಡಿದ ಈ ಬದಲಾವಣೆಯಿಂದಲೇ ಕಥೆಗೆ ಆಶಯ ದಕ್ಕಿತು ಎಂಬುದು ನನ್ನ ವಾದ. ಸೇನಾಧಿಕಾರಿಯ ಸೇಡು ಬರೀ ಸೇಡು. ಕಾನೂನು ಕಾಯುವವನೇ ತಾನು ಬಂಧಿಸಿದ್ದ ಕಳ್ಳರನ್ನು ಕೂಲಿಗೆ ಕರೆದಾಗ ಕಥೆಯೊಳಗೆ ಪ್ರಶ್ನೆಯೊಂದು ಹುಟ್ಟುತ್ತದೆ: ಹಿಡಿದುಕೊಟ್ಟ ಡಕಾಯಿತನನ್ನು ಜೈಲು ಹಿಡಿದಿಟ್ಟುಕೊಳ್ಳದಿದ್ದರೆ ಶಿಕ್ಷೆ ಯಾರ ಕೈಯಲ್ಲಿರಬೇಕು?

ಹಾಗೆ ಹುಟ್ಟಿದ ಪ್ರಶ್ನೆಯನ್ನು ದೃಶ್ಯಗಳು ಮತ್ತೆ ಮತ್ತೆ ಕೆಣಕಬೇಕು. ಹಳ್ಳಿಯ ಕುರುಡು ಇಮಾಮ್ ಸಾಹೇಬರ ಮಗನ ಹೆಣ ಊರಿಗೆ ಬಂದಾಗ, ಜೈ–ವೀರುವನ್ನು ಡಕಾಯಿತ ಗಬ್ಬರ್‌ಗೆ ಒಪ್ಪಿಸಿಬಿಡೋಣ ಎನ್ನುವ ಹಳ್ಳಿಗರು ಕೆಟ್ಟವರಲ್ಲ, ಹೆದರಿದವರು. ಅವರನ್ನು ತಡೆಯುವವನು ಎಲ್ಲವನ್ನೂ ಕಳೆದುಕೊಂಡ ಆ ಕುರುಡು ಮುದುಕ. ನ್ಯಾಯದ ಬೆಲೆ ತೆರುವವರಾರು ಎಂಬುದು ಅಲ್ಲಿ ಸ್ಪಷ್ಟವಾಗುತ್ತದೆ. ಇನ್ನು ಮುಕ್ತಾಯ. ಕೈಗಳಿಲ್ಲದ ಠಾಕೂರ್ ಮೊಳೆಯ ಬೂಟುಗಳಿಂದ ತುಳಿದು ಗಬ್ಬರ್‌ನನ್ನು ಕೊಲ್ಲುವುದು ಮೊದಲು ಚಿತ್ರಿಸಿದ ಅಂತ್ಯ. ಅದು ತುರ್ತುಪರಿಸ್ಥಿತಿಯ ಕಾಲ. ಸೆನ್ಸಾರ್ ಮಂಡಳಿ ಒಪ್ಪಲಿಲ್ಲ. 1975ರ ಆಗಸ್ಟ್ 15ರಂದು ತೆರೆಕಂಡ ಪ್ರತಿಯಲ್ಲಿ ಕೊನೆಯ ಗಳಿಗೆಗೆ ಪೊಲೀಸರು ಬಂದು ಠಾಕೂರನನ್ನು ತಡೆಯುತ್ತಾರೆ. ಬದಲಾದದ್ದು ಕೆಲವೇ ನಿಮಿಷಗಳ ದೃಶ್ಯ, ಆದರೆ ಮೂರು ಗಂಟೆ ಕೇಳಿದ ಪ್ರಶ್ನೆಗೆ ಉತ್ತರವೇ ತಿರುಗಿಬಿತ್ತು. ಆಶಯ ಎಲ್ಲಿದೆ ಎಂಬುದು ಬರಹಗಾರರಷ್ಟೇ ಚೆನ್ನಾಗಿ ಸೆನ್ಸಾರಿನವರಿಗೂ ಗೊತ್ತಿತ್ತು! ಮೂಲ ಅಂತ್ಯವಿದ್ದ ಪ್ರತಿ 2025ರಲ್ಲಿ ಇಟಲಿಯ ಬೊಲೊನ್ಯಾದಲ್ಲಿ ಪ್ರದರ್ಶನ ಕಂಡಿತು.

ಜನ ‘ಶೋಲೆ’ಗೆ ಮುಗಿಬಿದ್ದದ್ದು ಡೈಲಾಗಿಗೆ, ಗೆಳೆತನಕ್ಕೆ, ಗಬ್ಬರ್‌ಗೆ, ಆಶಯವೆಲ್ಲ ವಿಮರ್ಶಕರು ಆಮೇಲೆ ಅಂಟಿಸಿದ್ದು ಎನ್ನಬಹುದು. ಟಿಕೆಟ್ ಕೊಳ್ಳುವಾಗ ಯಾರೂ ಆಶಯ ಕೇಳುವುದಿಲ್ಲ, ನಿಜ. ಆದರೆ ಸೂರ್ಮಾ ಭೋಪಾಲಿಯ ಹಾಸ್ಯವನ್ನು ಕತ್ತರಿಸಿ ನೋಡಿ, ನಗು ಕಡಿಮೆಯಾದೀತು, ಕಥೆ ಅಲುಗದು. ಇಮಾಮರ ದೃಶ್ಯ ತೆಗೆದರೆ ಜೈಯ ಸಾವೂ ಹಗುರವಾಗುತ್ತದೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಆಶಯ ಹಿಡಿದು ಬರೆಯಲು ಕೂತರೆ ಪಾತ್ರಗಳು ಭಾಷಣಕಾರರಾಗುತ್ತವೆ. ಕನ್ನಡದ ಎಷ್ಟೋ ಸಂದೇಶಚಿತ್ರಗಳು ಹೀಗೆಯೇ ಸೊರಗಿವೆ. ಅಲ್ಲಿ ಬರಹಗಾರರು ಉತ್ತರವನ್ನು ಜೇಬಿನಲ್ಲಿಟ್ಟುಕೊಂಡೇ ಹೊರಟಿರುತ್ತಾರೆ. ಪ್ರಶ್ನೆಯನ್ನಷ್ಟೇ ಹಿಡಿದು ಹೊರಟವರಿಗೆ ಆ ಅಪಾಯ ಕಡಿಮೆ.

ಊರೇ ಆಶಯ ಕೊಡುತ್ತದೆ, ನೇಟಿವಿಟಿ ಇದ್ದರೆ ಸಾಕು ಎನ್ನುವವರೂ ಇದ್ದಾರೆ. ಇದೇ ರಾಮನಗರದಲ್ಲಿ, ಮಾಗಡಿಯ ಸಾವನದುರ್ಗದಲ್ಲಿ ಡೇವಿಡ್ ಲೀನ್ ತಮ್ಮ ‘ಎ ಪ್ಯಾಸೇಜ್ ಟು ಇಂಡಿಯಾ’ (1984) ಚಿತ್ರದ ಮರಬಾರ್ ಗುಹೆಗಳನ್ನು ಕಂಡುಕೊಂಡರು. ಚಿತ್ರಕಥೆ ಬರೆದವರೂ ಅವರೇ. ನಾಯಕಿ ಅಡೆಲಾ ಸೈಕಲ್ ತುಳಿದು ಪಾಳು ಗುಡಿಯೊಂದಕ್ಕೆ ಹೋಗಿ ಮಿಥುನ ಶಿಲ್ಪಗಳನ್ನು ಕಂಡು ತಲ್ಲಣಿಸುವ ದೃಶ್ಯ ಫಾರ್ಸ್ಟರ್ ಬರೆದ ಮೂಲ ಕಾದಂಬರಿಯಲ್ಲಿಲ್ಲ, ಲೀನ್ ಸೇರಿಸಿದ್ದು. ಮುಂದೆ ಗುಹೆಯಲ್ಲಿ ನಡೆದದ್ದೇನು ಎಂಬ ಪ್ರಶ್ನೆ ಅವಳ ಮನಸ್ಸಿನೊಳಕ್ಕೆ ತಿರುಗುವುದು ಆ ಒಂದು ದೃಶ್ಯದಿಂದ. ಅಂಥದೇ ಕಲ್ಲುಬೆಟ್ಟಗಳು, ಸಂಬಂಧವೇ ಇಲ್ಲದ ಎರಡು ಆಶಯಗಳು. ಹಾಗೆಯೇ ಚನ್ನಪಟ್ಟಣದ ಗೊಂಬೆ, ಕನಕಪುರದ ಕಲ್ಲುಕ್ವಾರಿ, ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಇವೆಲ್ಲ ಸಾಮಗ್ರಿ ಮಾತ್ರ. ಗೊಂಬೆ ಮಾಡುವವನ ಬವಣೆ ಎಂದರೆ ಸಾಕ್ಷ್ಯಚಿತ್ರವಾದೀತು. ಕಸುಬು ಉಳಿಸಲು ಅಪ್ಪ ಮಗನ ಓದು ಬಿಡಿಸಬಹುದೇ ಎಂದು ಕೇಳಿದರೆ ಚಿತ್ರಕಥೆ ಆರಂಭವಾಗುತ್ತದೆ. ಆಗ ಮಗ ಮನೆ ಬಿಡುವ ಅಂತ್ಯ, ಉಳಿಯುವ ಅಂತ್ಯ ಎರಡನ್ನೂ ಬರೆದು ನೋಡಬೇಕು. ಯಾವುದಾದರೂ ನಡೆಯುತ್ತದೆ ಅನ್ನಿಸಿದರೆ ಆಶಯ ಇನ್ನೂ ಸಿಕ್ಕಿಲ್ಲ, ಹುಡುಕಾಟ ಮತ್ತೆ ಮೊದಲ ದೃಶ್ಯದಿಂದ.